ಮಾಧ್ಯಮದ ಪ್ರಶ್ನೆ ಮತ್ತು ಒಬ್ಬ ಸಂಶೋಧನಾರ್ಥಿಯ ಸಂಕಟ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಎಂ.ಎಡ್. ಓದುತ್ತಿದ್ದ, ಮೂವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ನಿದ್ರೆ ಬರುತ್ತಿಲ್ಲವೆಂದು ನನ್ನ ಬಳಿಗೆ ಬಂದರು. ಲಘುಪ್ರಬಂಧಕ್ಕೆ ವಿಷಯ ಸೂಚಿಸುವ ಗಡುವು ಹತ್ತಿರವಾಗಿತ್ತು. ಅವರ ನೋಟ್‌ಬುಕ್ಕಿನಲ್ಲಿ ಮಧ್ಯಾಹ್ನದ ಬಿಸಿಯೂಟ, ಮನೆಗೆಲಸದ ಹೊರೆ, ಐದು ಮತ್ತು ಎಂಟನೆಯ ತರಗತಿಗಳ ಮೌಲ್ಯಾಂಕನ ಎಂಬ ಶೀರ್ಷಿಕೆಗಳನ್ನು ಬರೆದು ಹೊಡೆದುಹಾಕಲಾಗಿತ್ತು. ‘ಬೋಧನಾ ಮಾಧ್ಯಮ’ ಎಂಬುದನ್ನು ಮಾತ್ರ ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದಿದ್ದರು.

ಆ ಪುಟದ ಬಗ್ಗೆ ಕೇಳಿದಾಗ ಸಂಗತಿ ಹೊರಬಂತು. ಅವರ ತಾಯಿ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಇವರು ತಮ್ಮ ಮಗಳನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಸೇರಿಸಿದ್ದಾರೆ. “ಕನ್ನಡ ಮಾಧ್ಯಮವೇ ಮೇಲು ಅಂತ ಬಂದರೆ ಮಗಳಿಗೆ ಅನ್ಯಾಯ ಮಾಡಿದ ಹಾಗೆ, ಇಂಗ್ಲಿಷೇ ಮೇಲು ಅಂತ ಬಂದರೆ ಅಮ್ಮನ ಮುಖ ಹೇಗೆ ನೋಡಲಿ, ಮೇಡಂ?” ಎಂದರು. ನಿದ್ರೆಗೆಡಿಸಿದ್ದು ಗಡುವಿಗಿಂತ ಹೆಚ್ಚಾಗಿ ಈ ಇಕ್ಕಟ್ಟು ಎಂಬುದು ಅಲ್ಲಿಗೆ ನನಗೆ ಸ್ಪಷ್ಟವಾಯಿತು.

ಅವರು ಹೊತ್ತಿದ್ದ ಪ್ರಶ್ನೆ ಮನೆಯೊಂದರ ಪ್ರಶ್ನೆಯಷ್ಟೇ ಆಗಿರಲಿಲ್ಲ. ಪ್ರಾಥಮಿಕ ಹಂತದ ಮೊದಲ ನಾಲ್ಕು ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂಬ ರಾಜ್ಯ ಸರ್ಕಾರದ 1994ರ ಆದೇಶ ಎರಡು ದಶಕ ನ್ಯಾಯಾಲಯಗಳಲ್ಲಿ ಚರ್ಚೆಯಾಗಿ, ಸರ್ಕಾರವು ಮಾಧ್ಯಮವನ್ನು ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಇತ್ತ 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. 2019-20ರಲ್ಲಿ ರಾಜ್ಯ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಖಾಸಗಿ ಶಾಲೆಯ ಶುಲ್ಕ ಕಟ್ಟಲಾಗದ ಕೂಲಿಕಾರರ ಮಕ್ಕಳು ಆ ವಿಭಾಗಗಳಲ್ಲಿ ಕುಳಿತಿದ್ದಾರೆ. ಅವರಿಗೆ ಅಲ್ಲಿ ಏನು ಅರ್ಥವಾಗುತ್ತಿದೆ ಎಂದು ಯಾರಾದರೂ ತರಗತಿಯೊಳಗೆ ಕುಳಿತು ನೋಡಲೇಬೇಕು. ವಿಷಯವನ್ನು ಕೈಬಿಡಬೇಡಿರೆಂದು ನಾನು ಒತ್ತಿ ಹೇಳಿದ್ದು ಈ ಕಾರಣಕ್ಕೆ.

ನಾನು ಕೊಟ್ಟ ಸಲಹೆ ಹೀಗಿತ್ತು. ‘ಯಾವ ಮಾಧ್ಯಮ ಮೇಲು’ ಎಂಬ ಪ್ರಶ್ನೆಯನ್ನು ಬಿಡಿ. ಒಂದು ಲಘುಪ್ರಬಂಧ ಅದನ್ನು ತೀರ್ಮಾನಿಸಲಾರದು, ತೀರ್ಮಾನಿಸುವ ಹೊಣೆಯೂ ನಿಮ್ಮದಲ್ಲ. ಬದಲಿಗೆ, ಇಂಗ್ಲಿಷ್ ವಿಭಾಗದ ಎರಡನೆಯ ತರಗತಿಯ ಗಣಿತದ ಪಾಠದಲ್ಲಿ ಶಿಕ್ಷಕರು ಯಾವಾಗ, ಯಾತಕ್ಕಾಗಿ ಕನ್ನಡಕ್ಕೆ ಹೊರಳುತ್ತಾರೆ, ಪಾಠ ಮುಗಿದ ಮೇಲೆ ಮಗು ಕೂಡುವ ಲೆಕ್ಕವನ್ನು ತನಗಿಷ್ಟದ ಭಾಷೆಯಲ್ಲಿ ವಿವರಿಸಬಲ್ಲದೇ ಎಂದು ಕೇಳಿ. ಅದಕ್ಕೆ ಬರುವ ಉತ್ತರವನ್ನು ನಿಮ್ಮ ತಾಯಿಯೂ ಕುತೂಹಲದಿಂದ ಓದಬಹುದು. ಶಾಲೆಗೆ ಹೋಗುವ ಮೊದಲೇ ಎರಡು ಸಂಭವನೀಯ ಉತ್ತರಗಳನ್ನೂ ಬರೆದಿಡಿ, ಪ್ರತಿಯೊಂದನ್ನೂ ಎಂಥ ಸಾಕ್ಷ್ಯ ಸಿಕ್ಕರೆ ಒಪ್ಪುತ್ತೀರೆಂದು ಅದರ ಕೆಳಗೆ ನಮೂದಿಸಿ. ಯಾವ ಸಾಕ್ಷ್ಯಕ್ಕೂ ನಿಮ್ಮ ಅಭಿಪ್ರಾಯ ಅಲುಗುವುದಿಲ್ಲವೆಂದು ಆಗ ತಿಳಿದರೆ ಬೇರೆ ಪ್ರಶ್ನೆ ಹುಡುಕಿ.

ಒಂದೇ ಶಾಲೆಯ ಎರಡು ವಿಭಾಗಗಳ ಅಂಕಗಳನ್ನು ಹೋಲಿಸುವ ಆಸೆ ಅವರಿಗಿತ್ತು. ಇಂಗ್ಲಿಷ್ ವಿಭಾಗವನ್ನು ಆರಿಸಿಕೊಳ್ಳುವ ಪೋಷಕರು ಓದಿನ ಬಗ್ಗೆ ಮೊದಲೇ ಹೆಚ್ಚು ಕಾಳಜಿಯುಳ್ಳವರಾಗಿರಬಹುದು. ಆಗ ಅಂಕದ ಅಂತರಕ್ಕೆ ಮಾಧ್ಯಮ ಕಾರಣವೋ ಮನೆ ಕಾರಣವೋ ಹೇಳಲಾಗದು ಎಂದು ಎಚ್ಚರಿಸಿದೆ.

ತಾಯಿಯೊಡನೆ ಮಾತನಾಡುವುದು ಅವರಿಗೆ ಎಲ್ಲಕ್ಕಿಂತ ಕಷ್ಟವೆನಿಸಿತ್ತು. ತೀರ್ಪು ಕೇಳದೆ, “ಅಮ್ಮಾ, ಮಗು ಲೆಕ್ಕ ಅರ್ಥ ಮಾಡಿಕೊಂಡಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತಿತ್ತು?” ಎಂದಷ್ಟೇ ಕೇಳಿ ನೋಡಿರೆಂದೆ. ಮುಂದಿನ ಭೇಟಿಗೆ ಅವರು ತಾಯಿ ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದಿದ್ದರು. ಹುಣಸೆಬೀಜ ಎಣಿಸುವಾಗ ಮಗುವಿನ ಬೆರಳು ಎಲ್ಲಿ ತಡೆಯುತ್ತದೆಂದು ಗಮನಿಸುವ ಕ್ರಮವೂ ಅದರಲ್ಲಿತ್ತು. ಅದನ್ನೇ ವೀಕ್ಷಣಾ ಪಟ್ಟಿಯ ಒಂದು ಅಂಶವಾಗಿ ಸೇರಿಸಿಕೊಂಡರು. ಮಾರ್ಗದರ್ಶಕರು ಶಾಲೆಗಳ ಸಂಖ್ಯೆಯನ್ನು ಎರಡಕ್ಕೆ ಇಳಿಸಿ ವಿಷಯವನ್ನು ಒಪ್ಪಿದರು. ಈಗ ಅವರು ಕ್ಷೇತ್ರ ಶಿಕ್ಷಣಾಧಿಕಾರಿಯವರ ಅನುಮತಿಗೆ ಅರ್ಜಿ ಹಾಕಿದ್ದಾರೆ, ಪೋಷಕರಿಗೆ ಓದಿ ಹೇಳಬೇಕಾದ ಒಪ್ಪಿಗೆ ಪತ್ರವನ್ನು ಸರಳ ಕನ್ನಡದಲ್ಲಿ ಬರೆಯುತ್ತಿದ್ದಾರೆ.