15 ವರ್ಷ ತುಂಬಿದ ಓಮ್ನಿಗೆ ಎಫ್‌ಸಿ: ಮಂಡ್ಯ ಆರ್‌ಟಿಓಗೆ ಒಯ್ಯೋ ಮುಂಚೆ ಏನೇನು ಮಾಡಿಸಬೇಕು?

ಬಿಳಿ ಬೋರ್ಡ್ ಓಮ್ನಿ, ಕೆಎ-11, ಇನ್ನೆರಡು ತಿಂಗಳಿಗೆ 15 ವರ್ಷ ತುಂಬುತ್ತೆ, ಎಂಜಿನ್ ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ನೀಲಿ ಹೊಗೆ ಬಿಡ್ತಿಲ್ಲ ಅಂದ್ರೆ ಎಂಜಿನ್ ತಂಟೆಗೇ ಹೋಗಬೇಡಿ. ಓಮ್ನಿ ಆರ್‌ಟಿಓದಲ್ಲಿ ಪಾಸಾಗದೆ ವಾಪಸ್ ಬರೋದು ಹೆಚ್ಚಾಗಿ ಕಾಗದ, ತುಕ್ಕು, ಬ್ರೇಕು ಈ ಮೂರರಿಂದ.

ನಾವು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅಂತೀವಿ, ಬಿಳಿ ಬೋರ್ಡಿಗೆ, ಅಂದ್ರೆ ಸ್ವಂತ ಬಳಕೆ ಗಾಡಿಗೆ, ಅದು ಅಸಲಿಗೆ ಆರ್‌ಸಿ (ನೋಂದಣಿ ಪತ್ರ) ನವೀಕರಣ, ಫಾರಂ 25. ಅವಧಿ ಮುಗಿಯೋಕೆ 60 ದಿನ ಇರುವಾಗಲೇ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ. 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ, ಗ್ರೀನ್ ಟ್ಯಾಕ್ಸ್ ಬೇರೆ. ಪಾಸಾದರೆ ಐದು ವರ್ಷ ನೆಮ್ಮದಿ. ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತೆ, ನೋಡಿಕೊಳ್ಳಿ. ಇದ್ದರೆ ಬ್ಯಾಂಕಿನಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ), ಸಾಲ ತೀರಿದೆ ಅನ್ನೋ ಫಾರಂ 35 ತಂದು ಮೊದಲು ಅದನ್ನು ತೆಗೆಸಿ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟು ಇಲ್ಲದಿದ್ದರೆ ಇವತ್ತೇ ಬುಕ್ ಮಾಡಿ. ಮೈಸೂರು ಹೈವೇ ಕ್ಯಾಮೆರಾ ಕಳಿಸಿರೋ ಚಲನ್‌ಗಳಿದ್ದರೆ ಕಟ್ಟಿಬಿಡಿ.

ಆಮೇಲೆ ಗಾಡಿ. ವಾಟರ್ ಸರ್ವಿಸ್‌ಗೆ ಬಿಟ್ಟು ತಳ ಪೂರ್ತಿ ತೊಳೆಸಿ. ನಾಲೆ ಏರಿ, ಕಬ್ಬಿನ ಗದ್ದೆ ದಾರಿಯಲ್ಲಿ ಓಡೋ ಗಾಡಿಗೆ ಚಕ್ರದ ಮೇಲಿನ ಸಂದಿಯಲ್ಲಿ ಕೆಸರು ಕೂತು ಒಳಗೊಳಗೇ ತಿನ್ನುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ತಳದ ತಗಡು, ಬಾಗಿಲ ಕೆಳಗಿನ ಅಂಚು, ಜಾರೋ ಬಾಗಿಲ ಹಳಿ ತಟ್ಟಿ ನೋಡಿ. ಠಣ್ ಅಂದರೆ ಸರಿ, ಬೊದ್ ಅಂದರೆ ತಗಡು ಸತ್ತಿದೆ. ಅದಕ್ಕೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಸೋದು ದಂಡ. ಕೊಳೆತಷ್ಟನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿರಬೇಕು, ಪೆಟ್ರೋಲ್ ಪೈಪ್ ಎಲ್ಲಿ ಹೋಗಿದೆ ನೋಡಿರಬೇಕು. ಚಾಸಿ ನಂಬರಿನ ಮೇಲೆ ಮಾತ್ರ ಗ್ರೈಂಡರ್ ತಾಗಿಸಬೇಡಿ. ಅಲ್ಲಿ ವೈರ್ ಬ್ರಷ್ ಆಡಿಸಿ ಸ್ವಲ್ಪ ಆಯಿಲ್ ಒರೆಸಿ, ನಂಬರಿನ ಮೇಲೆ ಕಾಗದ ಇಟ್ಟು ತೆಗೆಯೋ ಪೆನ್ಸಿಲ್ ಟ್ರೇಸಿಂಗ್ ನೀಟಾಗಿ ಬೀಳಬೇಕು.

ಬ್ರೇಕ್ ಒಂದು ಪಕ್ಕಕ್ಕೆ ಎಳೆದರೆ ಹಿಂದಿನ ಎರಡೂ ಡ್ರಮ್ ಬಿಚ್ಚಿ. ಒಳಗಿನ ವೀಲ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಸೋರಿ ಬ್ರೇಕ್ ಶೂ ನೆನೆದಿದ್ದರೆ ಎಮೆರಿ ಪೇಪರ್ ಉಜ್ಜಿ ಮತ್ತೆ ಹಾಕೋರಿದ್ದಾರೆ. ಬೇಡ, ಕುಡಿದ ಆಯಿಲ್ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತೆ. ಶೂ ಎರಡೂ ಕಡೆ ಒಟ್ಟಿಗೇ ಬದಲಾಯಿಸಿ, ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋದು) ದೂರದ ಚಕ್ರದಿಂದ ಶುರು ಮಾಡಿ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡೋದು ಶೂ ಅಡ್ಜಸ್ಟ್ ಆದ ಮೇಲೆ. ಮೊದಲೇ ಬಿಗಿದರೆ ಶೂ ಡ್ರಮ್ಮಿಗೆ ಉಜ್ಜಿಕೊಂಡೇ ಓಡುತ್ತೆ.

ಮುಂದಿನ ಚಕ್ರ ಜಾಕ್ ಮೇಲೆತ್ತಿ ಎಡಬಲ ಹಿಡಿದು ಅಲುಗಿಸಿ. ಲಡಲಡ ಅಂದರೆ ಸ್ಟಿಯರಿಂಗನ್ನು ಚಕ್ರಕ್ಕೆ ಸೇರಿಸೋ ಟೈ ರಾಡ್ ಎಂಡ್ ಸವೆದಿದೆ. ಮೇಲೆ ಕೆಳಗೆ ಹಿಡಿದಾಗ ಅಲುಗಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಸ್ಟಿಯರಿಂಗ್ ಆಟ (ಚಕ್ರ ತಿರುಗದೆ ಸ್ಟಿಯರಿಂಗ್ ಮಾತ್ರ ಅಲ್ಲಾಡೋದು) 30 ಡಿಗ್ರಿ ಮೀರಬಾರದು, ಟೈರ್ ಕಟ್ಟಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ವೈಪರ್, ಇಂಡಿಕೇಟರ್, ನಂಬರ್ ಪ್ಲೇಟ್ ಲೈಟು ಇದೆಲ್ಲ ಒಂದು ಸಂಜೆ ಕೆಲಸ. ಗಾಜಿನ ಕಪ್ಪು ಫಿಲ್ಮ್, ಬುಲ್ ಬಾರ್, ರಾಗದ ಹಾರ್ನ್ ಕಿತ್ತುಹಾಕಿ. ಆರ್‌ಸಿಯಲ್ಲಿ 5 ಸೀಟು ಅಂತಿದ್ದು ಹಿಂದೆ ಬೆಂಚು ಸೇರಿಸಿದ್ದರೆ ಅದೂ ಹೊರಗೆ. ಗ್ಯಾಸ್ ಕಿಟ್ ಇದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು.

ಎಮಿಷನ್ ಕೊನೆಗೆ. ಏರ್ ಫಿಲ್ಟರ್, ಮೂರು ಪ್ಲಗ್ ಹೊಸದು ಹಾಕಿ, ಥ್ರಾಟಲ್ ಬಾಡಿ ತೊಳೆಸಿ. ನಿಮ್ಮದು ಬಿಎಸ್-3 (ಹೊಗೆ ಮಾನದಂಡ) ಪೆಟ್ರೋಲ್ ಆದ್ದರಿಂದ ಐಡಲ್‌ನಲ್ಲಿ ಸಿಓ (ಕಾರ್ಬನ್ ಮಾನಾಕ್ಸೈಡ್) 0.5%, ಎಚ್‌ಸಿ (ಹೈಡ್ರೋಕಾರ್ಬನ್) 750 ಪಿಪಿಎಂ ಒಳಗಿರಬೇಕು. ಶ್ರೀರಂಗಪಟ್ಟಣದ ಕಡೆ ಹತ್ತು ಹದಿನೈದು ಕಿ.ಮೀ. ಓಡಿಸಿ, ಬಿಸಿ ಆರೋ ಮುಂಚೆ ನೇರ ಎಮಿಷನ್ ಸೆಂಟರ್‌ಗೆ ಹೋಗಿ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಾದಾಗಲೇ ಕೆಲಸ ಮಾಡೋದು. ಇಷ್ಟಾದರೂ ಸಿಓ ಇಳಿಯದಿದ್ದರೆ ಆಕ್ಸಿಜನ್ ಸೆನ್ಸರ್ ಚೆಕ್ ಮಾಡಿಸಿ.