ಎರಡನೇ ಸಲ ಬಡಿಸಿಕೊಂಡ ಹುಡುಗಿ

(ಗೋಪ್ಯತೆಗಾಗಿ ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕಾವ್ಯಾಳಿಗೆ 14 ವರ್ಷ. ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ. ಶಾಲೆಗೆ ಬಂದಿದ್ದ ಆರೋಗ್ಯ ತಪಾಸಣಾ ತಂಡದವರು ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 9.6 ಇತ್ತು, ಈ ವಯಸ್ಸಿನ ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಮೂರು ತಿಂಗಳಿಗೆ ಕಬ್ಬಿಣಾಂಶದ ಮಾತ್ರೆ ಬರೆದು, ಜಂತುಹುಳುವಿನ ಮಾತ್ರೆಯನ್ನೂ ಕೊಟ್ಟು, ತಾಯಿ ಮಗಳಿಬ್ಬರನ್ನೂ ಊಟದ ವಿಚಾರದಲ್ಲಿ ಸಲಹೆಗಾಗಿ ನನ್ನ ಬಳಿಗೆ ಕಳುಹಿಸಿದರು.

ತಾಯಿ ಕುಳಿತವರೇ ದೂರಲು ಶುರುಮಾಡಿದರು. ಅವರು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರು. ಬೆಳಿಗ್ಗೆ ಏಳೂಕಾಲಿಗೆ ವ್ಯಾನು ಬರುತ್ತದೆ. ಅಷ್ಟರಲ್ಲಿ ಎದ್ದು ಅಡುಗೆ ಮಾಡಿಟ್ಟು ಹೋದರೂ ಮಗಳು ಮುಟ್ಟುವುದಿಲ್ಲ, ಹತ್ತು ರೂಪಾಯಿ ಕೊಟ್ಟರೆ ಪ್ಯಾಕೆಟ್ ತಿನ್ನುತ್ತಾಳೆ, ಬಾಯಿ ಕೆಟ್ಟುಹೋಗಿದೆ ಎಂದರು. ಕಾವ್ಯಾ ನೆಲ ನೋಡುತ್ತಿದ್ದಳು. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಅವಳ ಕೈಗೆ ಒಂದು ಹಾಳೆ ಕೊಟ್ಟೆ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಹೊಟ್ಟೆಗೆ ಹೋಯಿತು, ಗಂಟೆಯ ಮುಂದೆ ಬರೆ ಎಂದೆ.

ಬೆಳಗಿನ ಸಾಲುಗಳು ಖಾಲಿ. ಮಧ್ಯಾಹ್ನ ಒಂದೂವರೆಗೆ ‘ಚಿಪ್ಸ್, ಮೂವರು ಸೇರಿ’. ನಾಲ್ಕೂವರೆಗೆ ‘ಟೀ, ಬನ್, ಮತ್ತೆ ಟೀ’. ರಾತ್ರಿ ಒಂಬತ್ತೂವರೆಗೆ ‘ಅನ್ನ, ಸಾರು’. ಹಿಂದಿನ ರಾತ್ರಿಯ ಊಟದಿಂದ ಮರುದಿನದ ಬನ್ನಿನವರೆಗೆ 19 ಗಂಟೆ. ನಡುವೆ ಹಂಚಿಕೊಂಡ ಒಂದು ಹಿಡಿ ಚಿಪ್ಸ್ ಮಾತ್ರ. ತಡರಾತ್ರಿ ಉಂಡು ಮಲಗುವ ಮಗುವಿಗೆ ಬೆಳಿಗ್ಗೆ ಹಸಿವಾಗುವುದಿಲ್ಲ. ಸಂಜೆ ಹೊಟ್ಟೆ ತುಂಬ ಚಹಾ, ಬನ್ನು ಇಳಿಸಿದರೆ ರಾತ್ರಿಯ ಊಟ ಮತ್ತೆ ಹಿಂದಕ್ಕೆ ಹೋಗುತ್ತದೆ. ಇಷ್ಟು ಆ ಹಾಳೆಯಲ್ಲೇ ಕಾಣುತ್ತಿತ್ತು. ಆದರೆ ಒಂದೂವರೆಯ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಅವಳ ಶಾಲೆಯಲ್ಲಿ ಬಿಸಿಯೂಟವಿದೆ, ಮೊಟ್ಟೆಯೂ ಇದೆ. ಹಾಗಿದ್ದರೂ ಹುಡುಗಿ ಚಿಪ್ಸ್ ಹಂಚಿಕೊಂಡು ಕುಳಿತಿರುವುದೇಕೆ?

ಕೇಳಿದ್ದಕ್ಕೆ ಮೊದಲು ‘ಇಷ್ಟವಿಲ್ಲ’ ಎಂದಳು. ಸ್ವಲ್ಪ ತಡೆದು, ಎಂಟನೇ ತರಗತಿಯಲ್ಲಿ ಒಂದು ದಿನ ಬಿಸಿಬೇಳೆಬಾತ್ ಚೆನ್ನಾಗಿತ್ತೆಂದು ಎರಡನೇ ಸಲ ಬಡಿಸಿಕೊಂಡೆ, ಹುಡುಗರು ಅಂದಿನಿಂದ ‘ಡಬಲ್’ ಎಂದು ಕರೆಯುತ್ತಾರೆ ಎಂದಳು. ಆಮೇಲೆ ಅವಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿಲ್ಲ. ತನ್ನಂತೆಯೇ ದೂರ ಉಳಿದ ಇಬ್ಬರು ಗೆಳತಿಯರೊಂದಿಗೆ ಹಿತ್ತಲಿನ ಮರದಡಿ ಕುಳಿತಿರುತ್ತಾಳೆ.

ಇನ್ನೊಂದು ಸಂಗತಿಯೂ ಹೊರಬಂತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಅವಳು ಕಿಟಕಿಯಿಂದ ಎಸೆಯುತ್ತಿದ್ದಳು. 60 ಮಿಲಿಗ್ರಾಂ ಕಬ್ಬಿಣಾಂಶದ ಆ ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ಹಲವರಿಗೆ ಹೊಟ್ಟೆ ತೊಳೆಸುತ್ತದೆ. ಇವಳಿಗೂ ಎರಡು ಸಲ ವಾಂತಿಯಾಗಿತ್ತು. ಶಿಕ್ಷಕಿ ಹಟಮಾರಿ ಎಂದುಕೊಂಡಿದ್ದರು. ಮಕ್ಕಳು ಊಟ ಬಿಟ್ಟರೆಂದರೆ ಪೌಷ್ಟಿಕಾಂಶದ ಪಾಠ ಹೇಳಲು ಹೊರಡುವವರೇ ಹೆಚ್ಚು. ಸೊಪ್ಪಿನಲ್ಲಿ ಏನಿದೆ, ಮೊಳಕೆಕಾಳಿನಲ್ಲಿ ಏನಿದೆ ಎಂದು ಈ ಹುಡುಗಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದಳು. ಅವಳಿಗೆ ಬೇಕಿದ್ದದ್ದು ನಾಚಿಕೆಯಿಲ್ಲದೆ ಕುಳಿತು ಉಣ್ಣುವ ಒಂದು ಜಾಗ.

ಆದ್ದರಿಂದ ಮೊದಲು ಶಾಲೆಯೊಂದಿಗೆ ಮಾತು. ಕಾವ್ಯಾಳ ಒಪ್ಪಿಗೆ ಪಡೆದು, ಅವಳ ಹೆಸರು ಹೇಳದೆಯೇ, ಮುಖ್ಯೋಪಾಧ್ಯಾಯರನ್ನು ಕೆಲವು ವಿಷಯ ಕೇಳಿಕೊಂಡೆ. ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಹೇಗೂ ಇದೆ. ಅಷ್ಟಕ್ಕೇ ನಿಲ್ಲಿಸದೆ ಒಬ್ಬರು ದಿನವೂ ಒಂಬತ್ತನೇ ತರಗತಿಯವರ ಪಂಕ್ತಿಯಲ್ಲೇ ಕುಳಿತು ಉಣ್ಣಲಿ, ಎರಡನೇ ಸುತ್ತನ್ನು ಬಡಿಸುವವರೇ ಎಲ್ಲರ ಬಳಿಗೆ ತರಲಿ. ನೀಲಿ ಮಾತ್ರೆ ಊಟದ ನಂತರವೇ ಕೈಗೆ ಬರಲಿ. ಅಡ್ಡಹೆಸರಿನ ವಿಚಾರಕ್ಕೆ ತರಗತಿಯಲ್ಲಿ ಯಾರನ್ನೂ ಎದ್ದು ನಿಲ್ಲಿಸಬೇಡಿ, ಆ ಹುಡುಗರನ್ನು ಪ್ರತ್ಯೇಕವಾಗಿ ಕರೆದು ಹೇಳಿ ಎಂದೆ. ಒಪ್ಪಿದರು.

ಮನೆಗೆ ಹೇಳಿದ್ದು ಕಡಿಮೆ. ರಾತ್ರಿಯ ಊಟ ಎಂಟಕ್ಕೆ ಬರಲಿ, ಉಳಿದದ್ದು ಅದರ ಹಿಂದೆ ಬರುತ್ತದೆ. ಬೆಳಿಗ್ಗೆ ಹೊಸ ತಿಂಡಿಗಾಗಿ ತಾಯಿ ಇನ್ನಷ್ಟು ಬೇಗ ಏಳುವುದು ಬೇಡ. ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿದರೆ ಒಂದು ಲೋಟ ಅಂಬಲಿ. ‘ಅದನ್ನು ಬಡವರ ತಿಂಡಿ ಅನ್ನುತ್ತಾಳೆ’ ಎಂದರು ತಾಯಿ. ನೀವೂ ಅವಳ ಜೊತೆ ನಿಂತು ಕುಡಿದೇ ವ್ಯಾನು ಹತ್ತಿ ಎಂದೆ. ಅವರು ತಾವೂ ಏನೂ ತಿನ್ನದೆ ಹೊರಡುತ್ತಿದ್ದರೆಂಬುದು ಆಗ ತಿಳಿಯಿತು. ಅವರ ರಕ್ತವನ್ನೂ ಪರೀಕ್ಷಿಸಲು ಅಂದೇ ಚೀಟಿ ಬರೆಸಿದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪಿನ ಪಲ್ಯ, ಉಸಲಿಗೆ ನಿಂಬೆಹಣ್ಣು ಹಿಂಡಿದರೆ ಅದು ಚೆನ್ನಾಗಿ ಹತ್ತುತ್ತದೆ. ಪ್ಯಾಕೆಟ್ ಪೂರ್ತಿ ನಿಲ್ಲಿಸಿ ಎನ್ನಲಿಲ್ಲ. ಗೆಳತಿಯರ ನಂಟು ಅದರಲ್ಲೇ ಇತ್ತು. ವಾರಕ್ಕೆ ಒಂದೆರಡು ದಿನ, ಊಟವಾದ ಮೇಲೆ ಎಂದು ಕಾವ್ಯಾಳೇ ನಿಗದಿ ಮಾಡಿಕೊಂಡಳು. ಉಳಿದ ದಿನ ಅದೇ ಹತ್ತು ರೂಪಾಯಿಗೆ ಕಡಲೆಕಾಯಿ ಚಿಕ್ಕಿ. ಇನ್ನು, ತಟ್ಟೆಯ ಮುಂದೆ ಕುಳಿತಾಗ ಅವಳ ತೂಕ, ಬಣ್ಣ, ಪಕ್ಕದ ಮನೆಯ ಹುಡುಗಿ ಯಾವುದರ ಮಾತೂ ಬೇಡ ಎಂದು ತಾಯಿಗೆ ಖಡಾಖಂಡಿತವಾಗಿ ಹೇಳಿದೆ.

ಎಲ್ಲವೂ ನಡೆಯಿತೆಂದಲ್ಲ. ತಾಯಿಗೆ ಓವರ್‌ಟೈಮ್ ಬಿದ್ದ ವಾರ ರಾತ್ರಿಯ ಊಟ ಮತ್ತೆ ಒಂಬತ್ತೂವರೆಗೆ ಜಾರಿತು. ‘ಡಬಲ್’ ಎನ್ನುವ ಒಬ್ಬ ಇನ್ನೂ ಇದ್ದಾನಂತೆ. ಆದರೆ ವಿಜ್ಞಾನ ಶಿಕ್ಷಕಿ ಪಂಕ್ತಿಯಲ್ಲಿ ಕುಳಿತು, ತಾವೇ ಎರಡನೇ ಸಲ ಕೇಳಿ ಬಡಿಸಿಕೊಳ್ಳತೊಡಗಿದ ಮೇಲೆ ಕಾವ್ಯಾ ತಟ್ಟೆ ಹಿಡಿದಳು. ಹೊಟ್ಟೆ ತುಂಬಿದ ಮೇಲೆ ನುಂಗಿದ ಮಾತ್ರೆ ವಾಂತಿ ತರಿಸಲಿಲ್ಲ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.4ಕ್ಕೆ ಏರಿದೆ. 12 ಮುಟ್ಟುವವರೆಗೆ ಚಿಕಿತ್ಸೆ ಮುಂದುವರಿಯಬೇಕೆಂದು ವೈದ್ಯರು ಹೇಳಿದ್ದಾರೆ. ಮರದಡಿಯ ಇಬ್ಬರು ಗೆಳತಿಯರಲ್ಲಿ ಒಬ್ಬಳು ಪಂಕ್ತಿಗೆ ಬಂದಿದ್ದಾಳೆ. ಇನ್ನೊಬ್ಬಳನ್ನು ಮುಂದಿನ ಭೇಟಿಗೆ ತಾನೇ ಕರೆತರುವುದಾಗಿ ಕಾವ್ಯಾ ಹೇಳಿ ಹೋಗಿದ್ದಾಳೆ.