ಘಾಟಿ ಹತ್ತುವ ಕಾರಿಗೆ ಗಟ್ಟಿ ಆಯಿಲ್ ಬೇಕಾ?

ನೀವು ಕೇಳಿದ್ದು ಇಷ್ಟು: ನಿಮ್ಮ ಪೆಟ್ರೋಲ್ ಕಾರಿನ ಮ್ಯಾನುಯಲ್‌ನಲ್ಲಿ 0ಡಬ್ಲ್ಯೂ-20 ಅಂತಿದೆ, ದುಬೈಯಲ್ಲಿರುವ ಅಣ್ಣ ಅದೇ ಕಾರಿಗೆ ಅಲ್ಲಿನ ಮ್ಯಾನುಯಲ್ ನೋಡಿ 5ಡಬ್ಲ್ಯೂ-30 ಹಾಕಿಸುತ್ತಾರೆ, ಮಡಿಕೇರಿಯ ಗ್ಯಾರೇಜಿನವರು ಘಾಟಿಗೆ 20ಡಬ್ಲ್ಯೂ-50 ಬೇಕೇ ಬೇಕು ಅಂತಾರೆ. ನೀವು 0ಡಬ್ಲ್ಯೂ-20 ಹಾಕಿಸಿ. ಅಣ್ಣನದೂ ತಪ್ಪಲ್ಲ. 20ಡಬ್ಲ್ಯೂ-50 ಮಾತ್ರ ದಯವಿಟ್ಟು ಬೇಡ.

ಡಬ್ಲ್ಯೂ ಅಂದರೆ ವಿಂಟರ್. ಅದರ ಹಿಂದಿನ ಅಂಕಿ ಚಳಿಯ ಲೆಕ್ಕ. 0ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷೆ ಮಾಡಿರುತ್ತಾರೆ, ನಮ್ಮ ಡಿಸೆಂಬರ್ ಚಳಿ ಅದಕ್ಕೆ ಏನೂ ಅಲ್ಲ. ಆದರೂ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ತೆಳು ಆಯಿಲ್ ಎಂಜಿನ್ ಮೇಲ್ಭಾಗಕ್ಕೆ ಬೇಗ ತಲುಪುತ್ತದೆ, ಆ ಲಾಭ ಇಲ್ಲೂ ಇದೆ. ಮುಂದಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನುವುದಕ್ಕೆ. 50ರ ಆಯಿಲ್ 20ರದ್ದಕ್ಕಿಂತ ಸುಮಾರು ಎರಡು ಪಟ್ಟು ದಪ್ಪ. ಈಗಿನ ಎಂಜಿನ್ನುಗಳಲ್ಲಿ ವಾಲ್ವ್ ಟೈಮಿಂಗ್ (ವಾಲ್ವುಗಳು ತೆರೆದು ಮುಚ್ಚುವ ಸಮಯ) ಕೂಡ ಆಯಿಲ್ ಒತ್ತಡದಿಂದಲೇ ಬದಲಾಗುತ್ತದೆ, ಸಣ್ಣ ಸಣ್ಣ ದಾರಿಗಳಲ್ಲಿ ಅದು ಓಡಬೇಕು. ಇನ್ನು ಹೊರಗೆ 45 ಡಿಗ್ರಿ ಇರಲಿ 12 ಇರಲಿ, ಥರ್ಮೋಸ್ಟಾಟ್ ಇರುವುದರಿಂದ ಬಿಸಿಯಾದ ಎಂಜಿನ್ನಿನ ಕೂಲೆಂಟ್ ಹೆಚ್ಚುಕಮ್ಮಿ 90ರ ಆಸುಪಾಸಿನಲ್ಲೇ ಇರುತ್ತದೆ.

ಹಾಗಾದರೆ ದೇಶಕ್ಕೊಂದು ಆಯಿಲ್ ಯಾಕೆ? ಬಹುಪಾಲು ಕಾನೂನು, ಇಂಧನ. ಅಮೆರಿಕದಲ್ಲಿ ಕಂಪನಿಯ ಎಲ್ಲಾ ಕಾರುಗಳ ಸರಾಸರಿ ಮೈಲೇಜಿಗೆ ನಿಯಮ ಇದೆ, ತೆಳು ಆಯಿಲ್‌ನಿಂದ ಸ್ವಲ್ಪ ಉಳಿದರೂ ಅವರಿಗೆ ದೊಡ್ಡದು, ಅದಕ್ಕೇ ಅಲ್ಲಿನ ಮ್ಯಾನುಯಲ್‌ಗಳಲ್ಲಿ ಹೆಚ್ಚಾಗಿ ಒಂದೇ ಗ್ರೇಡ್. ಬೇರೆ ಕಡೆ ಅದೇ ಎಂಜಿನ್ನಿಗೆ ಎರಡು ಮೂರು ಗ್ರೇಡ್ ಒಪ್ಪಿರುವುದುಂಟು. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಬಿಗಿ ನಿಯಮ ಬಿಎಸ್6 ಬಂತು, ಇಂಧನದ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು, ಡೀಸೆಲ್ ಕಾರುಗಳಿಗೆ ಡಿಪಿಎಫ್ ಫಿಲ್ಟರ್ ಬಂತು. ಡೀಸೆಲ್ ಇರುವವರು ಇದನ್ನು ಗಮನಿಸಿ: ಆ ಫಿಲ್ಟರ್ ಹೊಗೆಯ ಮಸಿಯನ್ನು ಸುಟ್ಟುಕೊಳ್ಳುತ್ತದೆ, ಆಯಿಲ್ ಸುಟ್ಟು ಬಂದ ಬೂದಿಯನ್ನು ಸುಡಲಾಗದು. ಬೂದಿ ಕಡಿಮೆ ಬರುವ ಆಯಿಲ್ಲೇ ಬೇಕು, ಮ್ಯಾನುಯಲ್‌ನಲ್ಲಿ ಎಸಿಇಎ ಸಿ3 (ಯುರೋಪಿನ ಆಯಿಲ್ ಗುಣಮಟ್ಟದ ಗುರುತು) ಅಂತ ಏನಾದರೂ ಬರೆದಿದ್ದರೆ ಡಬ್ಬದ ಮೇಲೂ ಅದೇ ಇರಬೇಕು.

ಮೆಕ್ಯಾನಿಕ್ ಅಣ್ಣಂದಿರನ್ನು ನಾನು ದೂರುವುದಿಲ್ಲ. ತೋಟದ ಹಳೇ ಜೀಪುಗಳನ್ನು ಗಟ್ಟಿ ಆಯಿಲ್ ಹಾಕಿಯೇ ವರ್ಷಗಟ್ಟಲೆ ಓಡಿಸಿದ್ದಾರೆ. ಆ ಅನುಭವ ನಿಜ, ಆದರೆ ಅದು ಆ ಎಂಜಿನ್ನುಗಳದ್ದು.

ನಿಮ್ಮದು ಟರ್ಬೋ ಪೆಟ್ರೋಲ್ ಆಗಿದ್ದರೆ ಎಪಿಐ ಎಸ್‌ಪಿ (ಇದು ಅಮೆರಿಕದ ಆಯಿಲ್ ಗುಣಮಟ್ಟದ ಗುರುತು, ಡಬ್ಬದ ಮೇಲಿರುತ್ತದೆ) ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ. ಕಡಿಮೆ ಆರ್‌ಪಿಎಂನಲ್ಲಿ ಭಾರ ಎಳೆಯುವಾಗ ಪೆಟ್ರೋಲ್ ಸ್ಪಾರ್ಕ್‌ಗಿಂತ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ ಈ ಎಂಜಿನ್ನುಗಳಿಗಿದೆ, ಅದನ್ನು ತಡೆಯುವ ಪರೀಕ್ಷೆ ಎಸ್‌ಪಿಯಲ್ಲಿ ಸೇರಿದೆ. ಸಂಪಾಜೆಯಿಂದ ಮೇಲೆ ಬರುವಾಗ ದೊಡ್ಡ ಗೇರಿನಲ್ಲೇ ಉಸಿರುಗಟ್ಟಿಸಿ ಎಳೆಸುತ್ತಾರಲ್ವಾ, ಸರಿಯಾಗಿ ಅದೇ ಪರಿಸ್ಥಿತಿ. ಗೇರ್ ಇಳಿಸಿ.

ನನ್ನ ಪ್ರಕಾರ ಕೊಡಗಿನಲ್ಲಿ ಎಂಜಿನ್ ಕೆಡುವುದು ಘಾಟಿಗಿಂತ ಜಾಸ್ತಿ ಸಣ್ಣ ಓಡಾಟದಿಂದ. ಮನೆಯಿಂದ ತೋಟಕ್ಕೆ, ತೋಟದಿಂದ ಅಂಗಡಿಗೆ, ಆಫ್. ಆಯಿಲ್ ಬಿಸಿಯಾಗುವುದೇ ಇಲ್ಲ, ನೀರಿನ ಆವಿ, ಉರಿಯದ ಪೆಟ್ರೋಲ್ ಎರಡೂ ಅದರಲ್ಲೇ ಉಳಿಯುತ್ತವೆ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯಂಥ ಅಂಟು ಕಂಡರೆ ಹೆಚ್ಚಾಗಿ ಇದೇ ಕಾರಣ (ಜೊತೆಗೆ ಕೂಲೆಂಟ್ ಕೂಡ ಇಳಿಯುತ್ತಿದ್ದರೆ ತಡಮಾಡದೆ ಎಂಜಿನ್ ಹೆಡ್ಡಿನ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ತೋರಿಸಿ). ವಾರಕ್ಕೊಮ್ಮೆ ಕುಶಾಲನಗರದ ತನಕ ಓಡಿಸಿ ಬನ್ನಿ. ಹತ್ತು ಸಾವಿರ ಕಿಲೋಮೀಟರ್ ಆಗಲಿ ಅಂತ ಕಾಯಬೇಡಿ, ಇಂಥ ಬಳಕೆಗೆ ಆರು ತಿಂಗಳಿಗೆ ಆಯಿಲ್ ಬದಲಿಸುವುದು ಒಳ್ಳೆಯದು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸುಮ್ನೆ ಏರುತ್ತಿದ್ದರೆ ಆಯಿಲ್‌ಗೆ ಪೆಟ್ರೋಲ್ ಸೇರುತ್ತಿದೆ ಅಂತ ಅನುಮಾನಿಸಿ, ಆಗ ಆರು ತಿಂಗಳೂ ಕಾಯಬೇಡಿ.

ಅಂಗಡಿಯಲ್ಲಿ ಡಬ್ಬದ ಹಿಂದಿನ ಚೀಟಿ ಓದಿ, ಸೀಲ್ ನಿಮ್ಮೆದುರೇ ಒಡೆಯಲಿ, ವಾರಂಟಿ ಇನ್ನೂ ಇದ್ದರೆ ಗ್ರೇಡ್ ಬರೆಸಿದ ಬಿಲ್ ಇಟ್ಟುಕೊಳ್ಳಿ.